ಎದೆಗೆ ಅಂಟಿಸಿದ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಹೋಲ್ಟರ್ ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಮೈಗೆ ಇಸಿಜಿ ಸ್ಟಿಕ್ಕರ್ ಅಂಟಿಸಿ, ಸೊಂಟಕ್ಕೆ ಪುಟ್ಟ ಪೆಟ್ಟಿಗೆ ಕಟ್ಟಿ, ಒಂದು ಹಗಲು ಒಂದು ರಾತ್ರಿ ಹೃದಯದ ಬಡಿತ ಬರೆದುಕೊಳ್ಳುವ ಪರೀಕ್ಷೆ ಅದು. ಬಂದ ಕಾಗದಗಳಲ್ಲಿ ಹೆಚ್ಚಿನವು ಕೇಳಿದ್ದು ಪೆಟ್ಟಿಗೆಯ ಬಗ್ಗೆ ಅಲ್ಲ, ಆ ಸ್ಟಿಕ್ಕರಿನ ಬಗ್ಗೆ. ನನಗೆ ಖುಷಿಯಾಯಿತು. ಮೈಸೂರಿನಲ್ಲಿ 31 ವರ್ಷ ಇಸಿಜಿ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ವೈದ್ಯೆಯಲ್ಲ. ಆದರೆ ಸ್ಟಿಕ್ಕರಿನ ವಿಷಯ ಕೇಳಿದರೆ ಹೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟಿದೆ.

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಆಲೆಮನೆ ಇದೆ. ಅಪ್ಪನಿಗೆ 64 ವರ್ಷ. ಆಗಾಗ ಎದೆ ಡವಡವ ಹೊಡೆದುಕೊಂಡು ತಲೆ ಸುತ್ತು ಬರುತ್ತಿತ್ತು ಅಂತ ಡಾಕ್ಟರು 24 ಗಂಟೆಯ ಹೋಲ್ಟರ್ ಹಾಕಿಸಿದರು. ಅಪ್ಪ ಮನೆಗೆ ಬಂದವರು ಸುಮ್ಮನೆ ಕೂರಲಿಲ್ಲ, ಒಲೆ ಹತ್ತಿರ ಹೋದರು. ಸಂಜೆ ಹೊತ್ತಿಗೆ ಎರಡು ಸ್ಟಿಕ್ಕರ್ ಬೆವರಿಗೆ ಬಿಟ್ಟುಕೊಂಡವು. ಸೆಲ್ಲೋಟೇಪ್ ಹಾಕಿ ಒತ್ತಿದೆವು. ರಿಪೋರ್ಟಿನಲ್ಲಿ ‘ಬಹಳ ಭಾಗ ಓದಲಾಗುತ್ತಿಲ್ಲ, ಮತ್ತೆ ಮಾಡಿಸಿ’ ಅಂತ ಬಂತು. ‘ಇಷ್ಟು ಬೆವರೋ ಮೈಗೆ ಹೀಗೇ ಆಗೋದು’ ಅಂದರು ಅಲ್ಲಿದ್ದವರು. ಅಪ್ಪನಿಗೆ ಬೇಜಾರಾಗಿ, ಮತ್ತೆ ಬರೋಲ್ಲ ಅಂತ ಕೂತಿದ್ದಾರೆ. ತಪ್ಪು ಅಪ್ಪನ ಮೈಯದೋ ಸ್ಟಿಕ್ಕರಿನದೋ, ಮೇಡಂ?

ಉತ್ತರ: ನಿಮ್ಮ ತಂದೆಯವರಿಗೆ ಮೊದಲು ಇಷ್ಟು ಓದಿ ಹೇಳಿ: ತಪ್ಪು ನಿಮ್ಮ ಮೈಯದಲ್ಲ ಯಜಮಾನರೇ. ಆಲೆಮನೆಯ ಒಲೆ ಮುಂದೆ ಬೆವರದ ಮನುಷ್ಯ ಯಾರಿದ್ದಾರೆ? ಬೆವರುವವರಿಗೆ ಯಾವ ಸ್ಟಿಕ್ಕರ್ ಹಾಕಬೇಕು, ಹಾಕುವ ಮುಂಚೆ ಚರ್ಮವನ್ನು ಹೇಗೆ ಸಿದ್ಧ ಮಾಡಬೇಕು ಅನ್ನುವುದು ನಮ್ಮ ಕೆಲಸ, ಅಂದರೆ ಹಾಕುವವರ ಕೆಲಸ.

ಸ್ಟಿಕ್ಕರ್ ತಿರುಗಿಸಿ ನೋಡಿದ್ದೀರಾ? ಸುತ್ತ ಬಿಳಿ ಫೋಮಿನ ಅಂಟು, ನಡುವೆ ನಾಲ್ಕಾಣೆಯಗಲದ ತಣ್ಣನೆಯ ಲೋಳೆ. ಬೆನ್ನ ಮೇಲೆ ವೈರ್ ಸಿಕ್ಕಿಸುವ ಲೋಹದ ಗುಂಡಿ. ಜನ ಆ ಲೋಳೆಯನ್ನು ‘ಗೋಂದು’ ಅನ್ನುತ್ತಾರೆ. ಅದು ಬರೀ ಗೋಂದಲ್ಲ. ಅದು ಉಪ್ಪುನೀರು, ಹರಿದು ಹೋಗದ ಹಾಗೆ ಹಿಡಿದಿಟ್ಟ ಉಪ್ಪುನೀರು.

ಯಾಕೆ ಉಪ್ಪುನೀರೇ ಬೇಕು? ನಮ್ಮ ಮೈಯೊಳಗಿನ ವಿದ್ಯುತ್ತು ತಂತಿಯ ವಿದ್ಯುತ್ತಿನಂಥದ್ದಲ್ಲ. ತಂತಿಯಲ್ಲಿ ಓಡುವುದು ಎಲೆಕ್ಟ್ರಾನು. ಮೈಯಲ್ಲಿ ಓಡಾಡುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು, ನೀರಿನಲ್ಲಿ ಕರಗಿದ ಉಪ್ಪಿನ ಕಣಗಳು. ನಿಮಗೆ ಗೊತ್ತಿರುವ ಹಾಗೇ ಹೇಳುತ್ತೇನೆ. ಗದ್ದೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಕಬ್ಬು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ ಯಂತ್ರದ ಪಟ್ಟಿಯ ಮೇಲೆ ಹೋಗುತ್ತದೆ. ಗಾಡಿ ಗಾಣದೊಳಕ್ಕೆ ಹೋಗುವುದಿಲ್ಲ. ಹಾಗೆ ಅಯಾನು ಇಳಿದು ಎಲೆಕ್ಟ್ರಾನು ಹೊರಡುವ ಅಂಗಳ ಈ ಲೋಳೆ ಮತ್ತು ಅದರ ಬೆನ್ನಿಗಿರುವ ಬೆಳ್ಳಿಯ ತೆಳು ಲೇಪ. ಅಂಗಳ ಒಣಗಿ ಬಿರುಕು ಬಿಟ್ಟರೆ ಗಾಡಿ ಅಲ್ಲೇ ನಿಂತಿತು.

ಇನ್ನೊಂದು ಅಡ್ಡಿ ಚರ್ಮದ್ದೇ. ಚರ್ಮದ ಎಲ್ಲಕ್ಕಿಂತ ಮೇಲಿನ ಪದರ ಸತ್ತ ಜೀವಕೋಶಗಳದು, ಒಣಗಿದ ಹೊಟ್ಟಿನ ಹಾಗೆ. ಎದೆಯ ಭಾಗದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಆದರೂ ವಿದ್ಯುತ್ತಿಗೆ ಅದು ಗಟ್ಟಿ ಗೋಡೆ. ಹೃದಯದಿಂದ ಎದೆಯ ಮೇಲ್ಮೈಗೆ ಬರುವ ಸಂಕೇತ ಹೆಚ್ಚೂಕಡಿಮೆ ಒಂದು ಮಿಲಿವೋಲ್ಟ್. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಅದರ 1500 ಪಟ್ಟು ಇರುತ್ತದೆ. ಇಷ್ಟು ಮೆಲ್ಲಗಿನ ದನಿ ಗೋಡೆಯಾಚೆಯಿಂದ ಕೇಳಬೇಕಾದರೆ ಗೋಡೆ ನೆನೆದಿರಬೇಕು. ಲೋಳೆ ಚರ್ಮದ ಸಣ್ಣ ಗೆರೆಗಳೊಳಕ್ಕೆಲ್ಲ ಕೂತು ಆ ಹೊಟ್ಟನ್ನು ನೆನೆಸುತ್ತದೆ. ಅಂಟಿಸಿ ಒಂದೆರಡು ನಿಮಿಷ ಬಿಟ್ಟರೆ ಗೆರೆ ಇನ್ನೂ ಚೆನ್ನಾಗಿ ಬರುವುದು ಅದಕ್ಕೇ.

ಇದು ಇವತ್ತಿನ ಉಪಾಯವೂ ಅಲ್ಲ. ಹಾಲೆಂಡಿನ ಲೈಡನ್ ಊರಿನಲ್ಲಿ ವಿಲೆಮ್ ಐಂಥೋವನ್ ಇಸಿಜಿ ಯಂತ್ರ ಕಟ್ಟಿದಾಗ ಸ್ಟಿಕ್ಕರೂ ಇರಲಿಲ್ಲ, ಜೆಲ್ ಅನ್ನುವ ಈ ಲೋಳೆಯೂ ಇರಲಿಲ್ಲ. ರೋಗಿ ಎರಡು ಕೈಯನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಫೋಟೋ ನೋಡಿದ್ದೆ: ಕೋಟು ಹಾಕಿಕೊಂಡ ಮನುಷ್ಯ, ಒಂದು ಕಾಲಿನ ಪ್ಯಾಂಟು ಮಡಿಸಿ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಾನೆ. ನಿಮ್ಮ ತಂದೆಯವರ ಎದೆಗೆ ಅಂಟಿಸಿದ್ದು ಅದೇ ಬಕೆಟ್ಟನ್ನು, ಬಿಲ್ಲೆಯಷ್ಟಗಲ ಮಾಡಿ.

ಈಗ ಬೆವರಿನ ಲೆಕ್ಕ. ಬೆವರೂ ಉಪ್ಪುನೀರೇ ತಾನೇ, ಒಳ್ಳೆಯದಾಗಬೇಕಿತ್ತಲ್ಲ ಅಂತ ಕೇಳಬಹುದು. ವಿದ್ಯುತ್ತಿಗೆ ಒಳ್ಳೆಯದೇ, ಅಂಟಿಗೆ ಕೆಟ್ಟದ್ದು. ಬೆವರು ಕೆಳಗಿನಿಂದ ಉಕ್ಕಿ ಚರ್ಮಕ್ಕೂ ಅಂಟಿಗೂ ನಡುವೆ ಪೊರೆಯಾಗಿ ನಿಲ್ಲುತ್ತದೆ. ಅಂಚು ಏಳುತ್ತದೆ, ಏಳುವ ಜಾಗದಲ್ಲಿ ಸ್ಟಿಕ್ಕರ್ ಜಾರುತ್ತದೆ. ಜಾರಿದಾಗೆಲ್ಲ ಚರ್ಮ ಎಳೆದ ಹಾಗಾಗಿ ಚರ್ಮದಲ್ಲೇ ಒಂದು ವೋಲ್ಟೇಜು ಹುಟ್ಟುತ್ತದೆ, ಅದು ಹೃದಯದ ಸಂಕೇತಕ್ಕಿಂತ ದೊಡ್ಡದಾಗಿಬಿಡಬಹುದು. ಕಾಗದದ ಮೇಲೆ ಗೆರೆ ಬೆಟ್ಟ ಹತ್ತಿ ಕಣಿವೆ ಇಳಿಯುತ್ತದೆ. ಯಾವುದು ಎದೆಯ ಬಡಿತ, ಯಾವುದು ಸ್ಟಿಕ್ಕರಿನ ಕುಣಿತ ಅಂತ ಬಿಡಿಸಲಾಗುವುದಿಲ್ಲ. ಸುಮ್ಮನೆ ಹಲ್ಲುಜ್ಜುವ ಕೈಯ ಅಲುಗಾಟವೇ ಇಸಿಜಿಯಲ್ಲಿ ಪ್ರಾಣಾಪಾಯದ ಬಡಿತದಂತೆ ಕಂಡು ಗಾಬರಿ ಹುಟ್ಟಿಸುವುದುಂಟು. 24 ಗಂಟೆಯಲ್ಲಿ ಹೃದಯ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ; ನಿಮ್ಮ ತಂದೆಯವರನ್ನು ಕಾಡುವ ಆ ಹತ್ತಿಪ್ಪತ್ತು ಬಡಿತ ಈ ಗಲಾಟೆಯೊಳಗೆ ಕಳೆದುಹೋಗಬಾರದು.

ಸೆಲ್ಲೋಟೇಪ್ ಹಾಕಿದಿರಲ್ಲ, ಅದರಿಂದ ಬೆವರು ಒಳಗೇ ಸಿಕ್ಕಿಕೊಂಡಿತು. ನಡುಭಾಗ ಒತ್ತಿದ್ದರಿಂದ ಲೋಳೆ ಅಂಚಿಗೆ ಹಿಂಡಿ ಬಂದು ಉಳಿದಿದ್ದ ಅಂಟನ್ನೂ ನೆನೆಸಿರಬೇಕು. ನಿಮಗೆ ಯಾರೂ ಹೇಳಿರಲಿಲ್ಲ, ಅದಕ್ಕೆ ನೊಂದುಕೊಳ್ಳಬೇಡಿ.

ಎರಡನೇ ಸಲ ಹೋಗುವಾಗ ಬಾಯಿಬಿಟ್ಟು ಹೇಳಿ: ‘ಅಪ್ಪ ಒಲೆ ಮುಂದೆ ಕೆಲಸ ಮಾಡುವವರು, ತುಂಬ ಬೆವರುತ್ತಾರೆ, ಹೆಚ್ಚು ಹೊತ್ತು ಹಿಡಿಯುವ ಸ್ಟಿಕ್ಕರ್ ಹಾಕಿ, ನಾಲ್ಕು ಹೆಚ್ಚಿಗೆ ಕೊಡಿ.’ ಒಂದು ಇಸಿಜಿಗೆ ಐದು ನಿಮಿಷ ಅಂಟಿಸುವ ಸ್ಟಿಕ್ಕರೇ ಬೇರೆ, ದಿನಗಟ್ಟಲೆ ಇಡುವುದೇ ಬೇರೆ. ಬೆಳಿಗ್ಗೆ ಸೋಪು ಹಾಕಿ ಸ್ನಾನ ಮಾಡಿಸಿ ಕಳಿಸಿ, ಎಣ್ಣೆ ಬೇಡ, ಪೌಡರ್ ಬೇಡ. ಎದೆಗೆ ವಿಭೂತಿ ಗಂಧ ಹಚ್ಚುವ ಅಭ್ಯಾಸವಿದ್ದರೆ ಆ ಒಂದು ದಿನ ಹಣೆಗೆ ಮಾತ್ರ ಇರಲಿ. ಎದೆ ಕೂದಲನ್ನು ಸ್ಟಿಕ್ಕರ್ ಕೂರುವ ಜಾಗದಲ್ಲಿ ಅವರೇ ಕತ್ತರಿಸುತ್ತಾರೆ. ಆಮೇಲೆ ಒರಟು ಬಟ್ಟೆಯಲ್ಲಿ ಆ ಜಾಗ ನಾಲ್ಕು ಸಲ ಉಜ್ಜಬೇಕು, ಕೆಂಪಾಗುವಷ್ಟಲ್ಲ, ಆ ಹೊಟ್ಟು ಉದುರುವಷ್ಟು. ಅಂಟಿಸುವಾಗ ಸುತ್ತಿನ ಅಂಚನ್ನು ಬೆರಳಲ್ಲಿ ತಿಕ್ಕಿ ಕೂರಿಸಬೇಕು, ನಡುವೆ ಒತ್ತಬಾರದು. ವೈರನ್ನು ಒಂದು ಸುತ್ತು ಬಳಸಿ ಟೇಪ್ ಹಾಕಿಸಿಕೊಳ್ಳಿ. ಆಗ ವೈರ್ ಎಳೆದರೂ ಎಳೆತ ಸ್ಟಿಕ್ಕರಿಗೆ ಮುಟ್ಟುವುದಿಲ್ಲ. ಮನೆಯಲ್ಲಿ ಯಾವುದಾದರೂ ಬಿಟ್ಟುಕೊಂಡರೆ ಆ ಜಾಗ ಒರೆಸಿ ಒಣಗಿಸಿ, ಅದೇ ಜಾಗಕ್ಕೆ ಹೊಸದು ಹಾಕಿ, ಎಷ್ಟು ಗಂಟೆಗೆ ಹಾಕಿದಿರಿ ಅಂತ ಡೈರಿಯಲ್ಲಿ ಬರೆಯಿರಿ.

ತಂದೆಯವರು ಕೆಲಸಕ್ಕೆ ಹೋದದ್ದು ತಪ್ಪಲ್ಲ. ದಿನವೂ ಹೇಗಿರುತ್ತಾರೋ ಹಾಗೇ ಇರಬೇಕು ಅನ್ನುವುದಕ್ಕೇ ಈ ಪರೀಕ್ಷೆ. ಆದರೆ ಒಂದು ಮಾತು ಕೈಮುಗಿದು ಕೇಳುತ್ತೇನೆ. ತಲೆಸುತ್ತು ಬರುವವರು ಕುದಿಯುವ ಕೊಪ್ಪರಿಗೆಯ ಅಂಚಿನಲ್ಲಿ ನಿಲ್ಲಬಾರದು. ಕಾರಣ ಗೊತ್ತಾಗುವ ತನಕ ಪಾಕದ ಕೆಲಸ ಇನ್ನೊಬ್ಬರು ನೋಡಿಕೊಳ್ಳಲಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ಹೋಲ್ಟರಿಗೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ನನ್ನದೂ ಒಂದು ಹೇಳಿಬಿಡಬೇಕು. ಒಂದು ಏಪ್ರಿಲ್‌ನಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಡೆ, ಸ್ಟಿಕ್ಕರಿನ ಹರಿದ ಪೊಟ್ಟಣವೊಂದು ಫ್ಯಾನಿನ ಕೆಳಗೆ ವಾರಗಟ್ಟಲೆ ಬಿದ್ದಿತ್ತು. ನೋಡದೆ ಅದರಿಂದಲೇ ತೆಗೆದು ನಾಗಮಂಗಲದ ಕಡೆಯ ಒಬ್ಬ ಅಜ್ಜನಿಗೆ ಅಂಟಿಸಿದೆ. ಅಂಚಿನ ಅಂಟು ಚೆನ್ನಾಗಿತ್ತು, ಆದ್ದರಿಂದ ಬೀಳಲಿಲ್ಲ. ಒಳಗಿನ ಲೋಳೆ ಒಣಗಿ ಚಕ್ಕೆಯಾಗಿತ್ತು. ಮರುದಿನ ಪೆಟ್ಟಿಗೆ ಬಿಚ್ಚಿದರೆ ಗೆರೆಯ ಬದಲು ಉಣ್ಣೆ ಕೆದರಿದ ಹಾಗೆ ಬರೀ ಗದ್ದಲ. ಅವರು ಬೆಳಗಿನ ಜಾವದ ಬಸ್ಸು ಹಿಡಿದು ಮತ್ತೆ ಬಂದರು. ‘ನಾನು ಕೈ ಅಲ್ಲಾಡಿಸಿಬಿಟ್ಟೆ ಅನ್ಸುತ್ತೆ ಕಣವ್ವ’ ಅಂತ ಅವರೇ ನನ್ನಲ್ಲಿ ಕ್ಷಮೆ ಕೇಳಿದರು. ಆ ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ನಿಮ್ಮ ಕಾಗದ ಓದಿದ ಕೂಡಲೇ ಉತ್ತರ ಬರೆಯಲು ಕೂತೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಮೈಗೆ ಅಂಟಿಸುವ ಸೆನ್ಸರ್ ಆರಿಸಿಕೊಂಡಿದ್ದೇನೆ. ಹೈಡ್ರೋಜೆಲ್ ಅಂದರೆ ನಿಜಕ್ಕೂ ಏನು? ಅಷ್ಟು ದುಬಾರಿಯ ಬೆಳ್ಳಿಯೇ ಯಾಕೆ, ಸ್ಟೀಲ್ ಬಿಲ್ಲೆ ಸಾಲದೇ?

ಉತ್ತರ: ಮಗಳೇ, ದೇವರಾಜ ಮಾರುಕಟ್ಟೆಗೆ ಹೋಗಿ ಹತ್ತು ರೂಪಾಯಿಗೆ ಕಾಮಕಸ್ತೂರಿ ಬೀಜ ತಾ. ಲೋಟದ ನೀರಿಗೆ ಒಂದು ಚಿಟಿಕೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡು. ಕರೀ ಚುಕ್ಕೆಯ ಸುತ್ತ ಬೂದು ಮಂಜಿನಂಥ ಗೋಳ ಕಟ್ಟಿರುತ್ತದೆ. ಬೆರಳಲ್ಲಿ ಹಿಡಿದರೆ ಜಾರುತ್ತದೆ, ಹಿಚುಕಿದರೆ ಬಗ್ಗುತ್ತದೆ, ಆದರೆ ಲೋಟ ಬಗ್ಗಿಸಿದರೆ ಆ ಗೋಳ ನೀರಿನ ಹಾಗೆ ಹರಿದುಹೋಗುವುದಿಲ್ಲ. ಉದ್ದುದ್ದ ಅಣುಗಳ ಬಲೆ, ಬಲೆಯ ಕಣ್ಣುಗಳ ತುಂಬ ನೀರು. ಇದೇ ಹೈಡ್ರೋಜೆಲ್. ಸ್ಟಿಕ್ಕರಿನಲ್ಲಿ ಆ ಬಲೆಯನ್ನು ಪಾಲಿಅಕ್ರಿಲಿಕ್ ಆಮ್ಲ, ಪಾಲಿವಿನೈಲ್ ಆಲ್ಕೋಹಾಲ್‌ನಂಥ ಪಾಲಿಮರುಗಳಿಂದ ನೇಯುತ್ತಾರೆ. ನೀರಿಗೆ ಉಪ್ಪು ಸೇರಿಸುತ್ತಾರೆ, ಬೇಗ ಒಣಗದಿರಲಿ ಅಂತ ಗ್ಲಿಸರಿನ್ ಬೆರೆಸುತ್ತಾರೆ. ಬಲೆಯ ಗಂಟುಗಳು ಹೆಚ್ಚಾದರೆ ಜೆಲ್ ಗಟ್ಟಿ, ಆದರೆ ಅಂಟದು. ಕಮ್ಮಿಯಾದರೆ ಚೆನ್ನಾಗಿ ಅಂಟುತ್ತದೆ, ಆದರೆ ಕೀಳುವಾಗ ಅರ್ಧ ಚರ್ಮದ ಮೇಲೇ ಉಳಿಯುತ್ತದೆ. ನಿನ್ನ ಪ್ರಾಜೆಕ್ಟಿನ ಮುಕ್ಕಾಲು ಪಾಲು ಈ ಹದದಲ್ಲೇ ಇದೆ.

ಮೈಗೆ ಒಗ್ಗುವ ಹೈಡ್ರೋಜೆಲ್ಲಿಗೆ ದಾರಿ ತೋರಿಸಿದವರಲ್ಲಿ ಚೆಕ್ ದೇಶದ ಓಟ್ಟೊ ವಿಖ್ಟರ್ಲೆ ಮೊದಲಿಗರು. 1961ರಲ್ಲಿ ಅವರು ಮಕ್ಕಳ ಆಟಿಕೆ ಸೆಟ್ಟಿನ ಬಿಡಿಭಾಗಗಳಿಂದ ಮನೆಯಲ್ಲೇ ಒಂದು ಯಂತ್ರ ಕಟ್ಟಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಎರಕ ಹೊಯ್ದರು. ಲ್ಯಾಬಿನಲ್ಲಿ ಸೌಕರ್ಯ ಇಲ್ಲ ಅಂತ ಬೇಸರ ಬಂದ ದಿನ ಇದನ್ನು ನೆನೆಸಿಕೋ.

ಇನ್ನು ಬೆಳ್ಳಿ. ಇದಕ್ಕೆ ಉತ್ತರ ನಿನ್ನ ಎಡಗೈ ತೋರುಬೆರಳಿನ ಮೇಲೇ ಬಂದುಹೋಗಿರಬೇಕು. ವೋಟು ಹಾಕಿದಾಗ ಹಚ್ಚುವ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿದೆ. ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಅದು ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದು ಕಪ್ಪಾಗುತ್ತದೆ, ನೀರಿಗೆ ಕರಗುವುದಿಲ್ಲ. ನಮ್ಮ ಸ್ಟಿಕ್ಕರಿನ ಗುಂಡಿಯ ತಳದಲ್ಲಿ ಬೆಳ್ಳಿಯ ಮೇಲೆ ಇರುವ ಮಂಕು ಪದರವೂ ಇದೇ ಸಿಲ್ವರ್ ಕ್ಲೋರೈಡ್. ಒಂದು ಕ್ಲೋರೈಡ್ ಅಯಾನು ಬಂದು ಬೆಳ್ಳಿಯನ್ನು ಸೇರಿದರೆ ಒಂದು ಎಲೆಕ್ಟ್ರಾನು ತಂತಿಗೆ ಬಿಡುಗಡೆ. ತಂತಿಯಿಂದ ಎಲೆಕ್ಟ್ರಾನು ವಾಪಸು ಬಂದರೆ ಒಂದು ಕ್ಲೋರೈಡ್ ಜೆಲ್ಲಿಗೆ ವಾಪಸು. ಲೇವಾದೇವಿ ಎರಡು ಕಡೆಗೂ ಸಲೀಸು, ಎಲ್ಲೂ ಬಾಕಿ ನಿಲ್ಲುವುದಿಲ್ಲ. ಸ್ಟೀಲಿನ ಬಿಲ್ಲೆಯಲ್ಲಿ ಈ ಕೊಡುಕೊಳ್ಳುವಿಕೆ ಸಲೀಸಲ್ಲ. ಚಾರ್ಜು ಅಂಚಿನಲ್ಲಿ ಕೂಡಿಕೊಳ್ಳುತ್ತದೆ, ಗೆರೆ ಮೇಲಕ್ಕೂ ಕೆಳಕ್ಕೂ ತೇಲುತ್ತದೆ. ಬೆಳ್ಳಿ ದುಬಾರಿ ಅನ್ನುವೆಯಲ್ಲ, ಅದು ಬರೀ ಲೇಪ. ಒಳಗಿರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ.

ಹೊಸತರ ಪೈಕಿ ನನಗೆ ಮನಸ್ಸಿಗೆ ಹಿಡಿಸಿದ್ದು ಎರಡು. ಅಲೆ ಹೊಡೆದರೂ ಕಡಲ ಬಂಡೆಯನ್ನು ಬಿಡದ ಚಿಪ್ಪುಜೀವಿಗಳಿವೆ. ಅವುಗಳ ಅಂಟಿನಲ್ಲಿರುವ ಕ್ಯಾಟೆಕಾಲ್ ಎಂಬ ರಾಸಾಯನಿಕ ಗುಂಪನ್ನು ಜೆಲ್ಲಿಗೆ ಸೇರಿಸಿ ಒದ್ದೆ ಚರ್ಮಕ್ಕೂ ಅಂಟುವಂತೆ ಮಾಡುವ ಪ್ರಯತ್ನ ಒಂದು. ಇನ್ನೊಂದು, ಅಮೆರಿಕದ ಎಂಐಟಿಯವರು 2022ರಲ್ಲಿ ತೋರಿಸಿದ ಅಲ್ಟ್ರಾಸೌಂಡ್ ಸ್ಟಿಕ್ಕರ್. ಹೈಡ್ರೋಜೆಲ್ಲನ್ನು ತೆಳು ರಬ್ಬರಿನಂಥ ಪೊರೆಯೊಳಗೆ ಮುಚ್ಚಿ ಒಣಗದ ಹಾಗೆ ಮಾಡಿ, 48 ಗಂಟೆ ಮೈಮೇಲಿಟ್ಟು ಹೃದಯ, ಶ್ವಾಸಕೋಶದ ಚಿತ್ರ ತೆಗೆದರು. ಮಂಡ್ಯದ ಬಿಸಿಲಿನಲ್ಲಿ ಕಬ್ಬು ಕಡಿಯುವವರ ಬೆನ್ನ ಮೇಲೆ ನಿಲ್ಲುವ ಜೆಲ್ ಬೇಕು ನಮಗೆ. ಎಸಿ ಕೋಣೆಯಲ್ಲಿ ಕೂತ ಗೆಳತಿಯರ ಕೈಮೇಲೆ ಅಂಟಿಸಿ ನೋಡಿದ್ದು ಸಾಲದು. ಸಾಧ್ಯವಾದರೆ ಅಂಟಿಸಿಕೊಂಡೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸು, ಆಮೇಲೆ ಗೆರೆ ನೋಡು.

ಪ್ರಶ್ನೆ: ಸೊಸೆಗೆ ಹೃದಯದ ಬಡಿತ ಬರೆದುಕೊಳ್ಳುವ, ಎದೆಗೆ ಅಂಟಿಸುವ ಮೂರು ದಿನದ ಪ್ಯಾಚ್ ಹಾಕಿದ್ದರು. ತೆಗೆದ ಮೇಲೆ ದುಂಡಗೆ ಕೆಂಪಾಗಿ ವಿಪರೀತ ನವೆ. ಅರಿಸಿನ ಹಚ್ಚಬಹುದಾ? ಇನ್ನೊಮ್ಮೆ ಹಾಕಿಸಬಹುದಾ? — ಒಬ್ಬ ತಾಯಿ, ಶ್ರೀರಂಗಪಟ್ಟಣ

ಉತ್ತರ: ಅಮ್ಮ, ಅರಿಸಿನ ಬೇಡ. ಕೆರಳಿದ ಚರ್ಮಕ್ಕೆ ಏನು ಹಚ್ಚಿದರೂ ಉರಿಯಬಹುದು, ಹಳದಿಯಲ್ಲಿ ಕೆಂಪು ಹೆಚ್ಚಾಯಿತೋ ಕಡಿಮೆಯಾಯಿತೋ ಅಂತಲೂ ಕಾಣುವುದಿಲ್ಲ. ತಣ್ಣೀರಿನಲ್ಲಿ ತೊಳೆದು ಬಿಡಿ.

ಗುರುತನ್ನು ಬೆಳಕಿನಲ್ಲಿ ಸರಿಯಾಗಿ ನೋಡಿ. ನಡುವಿನ ದುಂಡು ಮಾತ್ರ ಕೆಂಪಾಗಿದ್ದರೆ ಲೋಳೆಯ ಕೆಲಸ, ಹೊರಗಿನ ಬಳೆ ಕೆಂಪಾಗಿದ್ದರೆ ಅಂಟಿನ ಕೆಲಸ. ಅಂಟಿದ್ದ ಜಾಗಕ್ಕೆ ಸರಿಯಾಗಿ ಕೆಂಪಾಗಿದ್ದು ಒಂದೆರಡು ದಿನದಲ್ಲಿ ಇಳಿದರೆ, ಬೆವರು ಕಟ್ಟಿ ಚರ್ಮ ಕೆರಳಿದೆ ಅಷ್ಟೆ. ಆದರೆ ಕೆಂಪು ಅಂಚು ದಾಟಿ ಹರಡುತ್ತಿದ್ದರೆ, ದಿನ ಕಳೆದಂತೆ ಹೆಚ್ಚುತ್ತಿದ್ದರೆ, ಸಣ್ಣ ನೀರುಗುಳ್ಳೆ ಎದ್ದಿದ್ದರೆ ಅದು ಅಲರ್ಜಿ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿ. ಅಂಟಿನಲ್ಲಿರುವ ಅಕ್ರಿಲೇಟ್ ಕೆಲವರಿಗೆ ಆಗುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಕಟ್ಟುವ ಜೆಲ್ ಉಗುರಿನಲ್ಲೂ ಅದೇ ಜಾತಿಯ ಪದಾರ್ಥ ಇರುತ್ತದೆ. ಸೊಸೆಗೆ ಅದರಿಂದ ಹಿಂದೆ ತೊಂದರೆ ಆಗಿತ್ತೇ ಅಂತ ಕೇಳಿ, ಆಗಿದ್ದರೆ ಡಾಕ್ಟರಿಗೆ ಅದನ್ನೂ ಹೇಳಲಿ. ಮತ್ತೆ ಪ್ಯಾಚ್ ಬೇಕಾದರೆ ಬೇರೆ ಅಂಟಿನದು ಸಿಗುತ್ತದೆ, ಆದರೆ ಅದು ಚರ್ಮ ಪೂರ್ತಿ ಮಾಗಿದ ಮೇಲೆ.

ಕೀಳುವ ರೀತಿಯೂ ಮುಖ್ಯ. ನರ್ಸುಗಳೂ ಅವಸರದಲ್ಲಿ ಚರ್ರನೆ ಎಳೆದುಬಿಡುತ್ತಾರೆ. ಒಂದು ಅಂಚನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟಿಕ್ಕರನ್ನು ಮೇಲಕ್ಕೆತ್ತದೆ ಚರ್ಮಕ್ಕೆ ಒರಗಿಸಿಕೊಂಡೇ ಹಿಂದಕ್ಕೆ ಮಡಿಸುತ್ತ ಬನ್ನಿ. ವಯಸ್ಸಾದವರ ಚರ್ಮ ಸಿಗರೇಟ್ ಕಾಗದದಷ್ಟು ತೆಳು, ಅವರಿಗಂತೂ ಹೀಗೇ ತೆಗೆಯಬೇಕು.

ಪ್ರಶ್ನೆ: ನನ್ನ ಸ್ಮಾರ್ಟ್ ವಾಚಿನಲ್ಲಿ ಇಸಿಜಿ ಬರುತ್ತದೆ. ಅದಕ್ಕೆ ಜೆಲ್ಲೇ ಇಲ್ಲವಲ್ಲ? — ಮೈಸೂರು, ಕುವೆಂಪುನಗರದ ಓದುಗರು

ಉತ್ತರ: ಜೆಲ್ ಇಲ್ಲ, ನಿಮ್ಮ ಬೆವರಿದೆ. ವಾಚಿನ ತಳದ ಲೋಹ ಒಂದು ಮಣಿಕಟ್ಟಿಗೆ, ಗುಂಡಿ ಇನ್ನೊಂದು ಕೈಯ ಬೆರಳಿಗೆ ತಾಗಿದಾಗ, ಆ ಸಣ್ಣ ತೇವವೇ ಉಪ್ಪುನೀರಿನ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಕೈ ಒಣಗಿ ಗೆರೆ ಸರಿಯಾಗಿ ಬಾರದಿದ್ದರೆ ಮಣಿಕಟ್ಟನ್ನು ತುಸು ಒದ್ದೆ ಮಾಡಿ, ಕೈ ಮೇಜಿನ ಮೇಲಿಟ್ಟು ಅಲ್ಲಾಡದೆ ಕೂತು ನೋಡಿ. ತಳದಲ್ಲಿ ಮಿನುಗುವ ಹಸಿರು ದೀಪ ಬೇರೆಯೇ ವಿದ್ಯೆ. ಅದು ರಕ್ತದ ಹರಿವನ್ನು ಬೆಳಕಿನಲ್ಲಿ ಎಣಿಸುತ್ತದೆ, ಇಸಿಜಿಯಲ್ಲ. ಎರಡು ಕೈ ನಡುವೆ ಸಿಗುವುದು ಒಂದೇ ಲೀಡ್, ಅಂದರೆ ಹೃದಯವನ್ನು ಒಂದೇ ದಿಕ್ಕಿನಿಂದ ನೋಡಿದ ಗೆರೆ. ಬಡಿತ ತಾಳ ತಪ್ಪಿದ್ದು ಗೊತ್ತಾಗಬಹುದು, ಹಾರ್ಟ್ ಅಟ್ಯಾಕ್ ಇಲ್ಲ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಎದೆನೋವು ಬಂದಾಗ ವಾಚು ನೋಡುತ್ತ ಕೂರಬೇಡಿ.

ಪ್ರಶ್ನೆ: ನಾನು ಕೃಷ್ಣರಾಜಪೇಟೆ ಕಡೆ ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. 50 ಸ್ಟಿಕ್ಕರಿನ ಪೊಟ್ಟಣ ತೆರೆದರೆ ನಮಗೆ ತಿಂಗಳು ಬರುತ್ತದೆ. ಇಡುವುದು ಹೇಗೆ? ಒಮ್ಮೆ ಹಾಕಿದ್ದನ್ನು ಮತ್ತೆ ಬಳಸಬಹುದಾ?

ಉತ್ತರ: ಮತ್ತೆ ಬಳಸಬೇಡಿ. ಒಬ್ಬರ ಚರ್ಮದ ಹೊಟ್ಟು, ಕೂದಲು, ಕ್ರಿಮಿ ಎಲ್ಲ ಲೋಳೆಗೆ ಹತ್ತಿರುತ್ತವೆ. ತೆರೆದ ಮೇಲೆ ಎಷ್ಟು ದಿನ ಇಡಬಹುದು ಅಂತ ಪೊಟ್ಟಣದ ಮೇಲೇ ಇರುತ್ತದೆ, ಅದಕ್ಕಿಂತ ಹೆಚ್ಚು ಬೇಡ. ನಿಮ್ಮಂಥ ಕಡೆಗೆ ಚಿಕ್ಕ ಪೊಟ್ಟಣ ತರಿಸಿಕೊಳ್ಳುವುದೇ ವಾಸಿ. ಬಾಯಿ ಎರಡು ಮಡಿಕೆ ಮಡಿಸಿ ಬಟ್ಟೆ ಕ್ಲಿಪ್ ಹಾಕಿ, ನೆರಳಿನಲ್ಲಿಡಿ. ಫ್ಯಾನಿನ ಕೆಳಗಾಗಲಿ, ಸ್ಟೆರಿಲೈಸರ್ ಪಕ್ಕದಲ್ಲಾಗಲಿ ಬೇಡ. ಅಂಟಿಸುವ ಮುಂಚೆ ಹಿಂಬದಿಯ ಹಾಳೆ ತೆಗೆದು ಲೋಳೆಯನ್ನು ಒಮ್ಮೆ ನೋಡಿ: ಹೊಳೆಯುತ್ತಿದ್ದರೆ ಸರಿ, ಮಂಕಾಗಿ ಅಂಚು ಸುರುಟಿದ್ದರೆ ಕಸಕ್ಕೆ. ಒಬ್ಬ ರೋಗಿಗೆ ಹಾಕುವ ಅಷ್ಟೂ ಸ್ಟಿಕ್ಕರ್ ಒಂದೇ ಪೊಟ್ಟಣದವಾಗಿರಲಿ. ಪೊಟ್ಟಣ ಹರಿದ ಕೂಡಲೇ ಅದರ ಮೇಲೆ ಆ ದಿನದ ತಾರೀಖನ್ನು ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ. ಆ ನಾಗಮಂಗಲದ ಅಜ್ಜ ಬಂದುಹೋದ ಮರುದಿನದಿಂದ ನಿವೃತ್ತಿಯ ದಿನದವರೆಗೂ ನಾನು ಹಾಗೆ ಬರೆದೆ.